ಕಡಿದ ವೆಬ್‌ಸಾಕೆಟ್ಟನ್ನು ತಾನಾಗಿಯೇ ಜೋಡಿಸುವ ಪುಟ್ಟ ಲೈಬ್ರರಿ: ನಮ್ಮ ಕಾಸರಗೋಡಿನ ನೆಟ್ಟಿನಲ್ಲಿ ಹೇಗಿದೆ?

ವೆಬ್‌ಸಾಕೆಟ್ ಅಂದರೆ ಬ್ರೌಸರ್ ಮತ್ತು ಸರ್ವರ್ ನಡುವೆ ತೆರೆದೇ ಇರುವ ಸಂಪರ್ಕ, ಮೆಸೇಜುಗಳು ಎರಡೂ ಕಡೆಯಿಂದ ಆಗಿಂದಾಗಲೇ ಹೋಗಿ ಬರುತ್ತವೆ. ಲೈಬ್ರರಿ ಅಂದರೆ ಬೇರೆಯವರು ಬರೆದಿಟ್ಟ, ನಮ್ಮ ಪುಟಕ್ಕೆ ಸೇರಿಸಿಕೊಳ್ಳುವ ಕೋಡ್. ಮೊದಲೇ ಹೇಳಿಬಿಡುತ್ತೇನೆ. ಲೈಬ್ರರಿ ಒಳ್ಳೆಯದು, ಧೈರ್ಯವಾಗಿ ಹಾಕಿಕೊಳ್ಳಿ. ಆದರೆ ಹಾಕಿದ ದಿನವೇ ಅದರ ಎರಡು ಸೆಕೆಂಡಿನ ಟೈಮ್‌ಔಟ್, ಅಂದರೆ ಸಂಪರ್ಕ ಆಗಲಿ ಅಂತ ಕಾಯುವ ಗಡುವು, ಬದಲಿಸಿ. ಜೊತೆಗೆ, ಸಂಪರ್ಕ ಮರಳಿ ಬಂದ ಕೂಡಲೇ ಸರ್ವರಿನಿಂದ ಪೂರ್ತಿ ಮಾಹಿತಿ ಹೊಸದಾಗಿ ತರಿಸಿಕೊಳ್ಳಿ. ಈ ಎರಡು ಮಾಡದಿದ್ದರೆ ನಮ್ಮ ಕಡೆಯ ನೆಟ್ಟಿನಲ್ಲಿ ಇದರಿಂದ ಅರ್ಧ ಕೆಲಸ ಮಾತ್ರ ಆಗುತ್ತದೆ. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಸ್ವಲ್ಪ ಉದ್ದ ಆಗಿದೆ, ಆದರೆ ಇಂಥ ವಿಷಯವನ್ನು ಕನ್ನಡದಲ್ಲಿ ಬರೆಯುವವರು ಕಡಿಮೆ ಅಲ್ವಾ, ಹಾಗಾಗಿ ಗೊತ್ತಿರುವಷ್ಟನ್ನೂ ಬರೆದುಬಿಡೋಣ ಅನ್ನಿಸಿತು.

ನಾನು ಹೇಳುತ್ತಿರುವುದು ಜೋ ವಾಲ್ನೆಸ್ ಬರೆದ ರಿಕನೆಕ್ಟಿಂಗ್ ವೆಬ್‌ಸಾಕೆಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಬಗ್ಗೆ. ಎಂಐಟಿ ಲೈಸೆನ್ಸ್, ದುಡ್ಡು ಕೊಡಬೇಕಾಗಿಲ್ಲ, ಗಿಟ್‌ಹಬ್‌ನಲ್ಲಿ ಸಿಗುತ್ತದೆ.

ಬದಿಯಡ್ಕದ ಒಂದು ಅಡಿಕೆ ಅಂಗಡಿಗೆ ನಾವು ದರದ ಬೋರ್ಡ್ ಮಾಡಿಕೊಟ್ಟಿದ್ದೇವೆ. ಅವರಿಗೆ ಪೆರ್ಲದಲ್ಲಿ, ಮುಳ್ಳೇರಿಯದಲ್ಲಿ ಕೂಡ ಖರೀದಿ ಉಂಟು. ಬದಿಯಡ್ಕದಲ್ಲಿ ಕೂತು ಹೊಸ ಅಡಿಕೆ, ಹಳೆ ಅಡಿಕೆ, ಡಬ್ಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಹೀಗೆ ಅಡಿಕೆಯ ಎಲ್ಲ ಬಗೆಗಳ ರೇಟ್ ಹಾಕಿದರೆ ಉಳಿದ ಕಡೆಯ ಟಿವಿ ಪರದೆಯಲ್ಲಿ, ಹಳ್ಳಿಗೆ ಹೋಗಿ ಅಡಿಕೆ ತರುವವರ ಮೊಬೈಲಿನಲ್ಲಿ ಅದೇ ಕ್ಷಣ ಬದಲಾಗಬೇಕು. ಪುಟವನ್ನು ಯಾರೂ ರಿಫ್ರೆಶ್ ಮಾಡುತ್ತಾ ಕೂರುವುದಿಲ್ಲ, ಆದ್ದರಿಂದ ವೆಬ್‌ಸಾಕೆಟ್ ಇಟ್ಟೆವು. ಕಿಲೋಗೆ 5 ರೂಪಾಯಿ ಬದಲಾದರೂ ಒಂದು ಕ್ವಿಂಟಾಲಿಗೆ 500 ರೂಪಾಯಿ ವ್ಯತ್ಯಾಸ. ಪರದೆಯ ಮೇಲೆ ಹಳೆಯ ಅಂಕಿ ನಿಂತುಬಿಟ್ಟರೆ ಒಂದೋ ಅಂಗಡಿಯವರಿಗೆ ನಷ್ಟ, ಇಲ್ಲ ಅಡಿಕೆ ತಂದ ಕೃಷಿಕರಿಗೆ ನಷ್ಟ. ಇದು ನನಗೆ ಸಣ್ಣ ವಿಷಯ ಅಲ್ಲ. ವರ್ಷವಿಡೀ ತೋಟದಲ್ಲಿ ದುಡಿದವರು ಆ ಅಂಕಿಯನ್ನು ನೋಡಿಯೇ ಚೀಲ ಇಳಿಸುವುದು.

ಇನ್ನು ನೆಟ್ಟಿನ ವಿಷಯ. ಮಳೆಗಾಲದಲ್ಲಿ ನಮ್ಮ ಊರು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಂಗು ಮುರಿದು ಲೈನಿನ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಮುಗಿಯುತ್ತದೆ, ಕೇಬಲ್ ನೆಟ್ ಬಂದರೂ ಐದು ನಿಮಿಷ ಇದ್ದು ಹೋಗುತ್ತದೆ. ಹೀಗೆ ಒಮ್ಮೆ ಕಡಿದರೆ ಬ್ರೌಸರಿನ ವೆಬ್‌ಸಾಕೆಟ್ ಸತ್ತಿತು ಅಂತಲೇ ಲೆಕ್ಕ. 2011ರಲ್ಲಿ ಬಂದ ಆರ್‌ಎಫ್‌ಸಿ 6455 ಎಂಬ ವೆಬ್‌ಸಾಕೆಟ್ಟಿನ ನಿಯಮಗಳ ದಾಖಲೆಯಲ್ಲಿ ಸಂಪರ್ಕ ಕಟ್ಟುವುದು, ಮಾತಾಡುವುದು, ಮುಚ್ಚುವುದು ಎಲ್ಲಾ ಇದೆ. ಸಡನ್ನಾಗಿ ಕಡಿದರೆ ಕೂಡಲೇ ನುಗ್ಗಬೇಡಿ, ಸ್ವಲ್ಪ ಕಾದು, ಕಾಯುವ ಹೊತ್ತು ಹೆಚ್ಚಿಸುತ್ತಾ ಜೋಡಿಸಿ ಎಂಬ ಸಲಹೆಯೂ ಇದೆ. ಆದರೆ ಬ್ರೌಸರ್ ತಾನಾಗಿ ಅದನ್ನು ಮಾಡುವುದಿಲ್ಲ. 1006 ಎಂಬ ಕೋಡ್ ಕೊಟ್ಟು, ಅಂದರೆ ವಿದಾಯ ಹೇಳದೆ ಸಂಪರ್ಕ ಹೋಯಿತು ಅಂತ ತಿಳಿಸಿ, ಸುಮ್ಮನಾಗುತ್ತದೆ. ಮುಂದಿನದು ಪುಟ ಬರೆದವರ ತಲೆನೋವು.

ಆ ತಲೆನೋವನ್ನು ಈ ಲೈಬ್ರರಿ ತಗೊಳ್ಳುತ್ತದೆ. ಇದರ ದೊಡ್ಡ ಗುಣ ಏನೆಂದರೆ ಹಳೆಯ ಕೋಡಿನಲ್ಲಿ ಬದಲಿಸಬೇಕಾದ್ದು ಒಂದೇ ಪದ. ನ್ಯೂ ವೆಬ್‌ಸಾಕೆಟ್ ಅಂತ ಬರೆದ ಕಡೆ ನ್ಯೂ ರಿಕನೆಕ್ಟಿಂಗ್‌ವೆಬ್‌ಸಾಕೆಟ್ ಅಂತ ಬರೆದರೆ ಮುಗಿಯಿತು. ಸಂಪರ್ಕ ತೆರೆದಾಗ ಓಡುವ ಆನ್‌ಓಪನ್, ಮೆಸೇಜು ಬಂದಾಗಿನ ಆನ್‌ಮೆಸೇಜ್, ಮುಚ್ಚಿದಾಗಿನ ಆನ್‌ಕ್ಲೋಸ್, ಕಳಿಸುವ ಸೆಂಡ್, ಎಲ್ಲಾ ಮೊದಲಿನ ಹಾಗೆಯೇ. ಸರ್ವರಿನ ಕಡೆ ಏನೂ ಮುಟ್ಟಬೇಕಾಗಿಲ್ಲ. ಬೇರೆ ಯಾವ ಲೈಬ್ರರಿಯನ್ನೂ ಇದು ಎಳೆದುಕೊಂಡು ಬರುವುದಿಲ್ಲ. ಕುಗ್ಗಿಸಿ ಜಿಜಿಪ್ ಮಾಡಿದರೆ 600 ಬೈಟಿಗಿಂತ ಕಡಿಮೆ ಅಂತ ಅದರ ಜೊತೆಗಿರುವ ರೀಡ್‌ಮಿ ಟಿಪ್ಪಣಿ ಹೇಳುತ್ತದೆ. ಅಷ್ಟಕ್ಕೇ ಇರಲಿ, ಸ್ವಲ್ಪ ಜಾಸ್ತಿಯೇ ಇರಲಿ, ಒಂದು ಸಣ್ಣ ಐಕಾನಿನ ಚಿತ್ರಕ್ಕಿಂತ ಹಗುರ. ನನಗೆ ಇನ್ನೂ ಇಷ್ಟವಾದದ್ದು ಇದರ ಮೂಲ ಫೈಲ್. ಕಮೆಂಟುಗಳನ್ನೂ ಸೇರಿಸಿ ಒಂದು ಚಾ ಕುಡಿಯುವಷ್ಟರಲ್ಲಿ ಓದಿ ಮುಗಿಸಬಹುದು. ನಮ್ಮ ಜೊತೆ ಕೆಲಸ ಕಲಿಯುತ್ತಿರುವ ಹುಡುಗ ಅದನ್ನು ಓದಿಯೇ ಟೈಮರ್ ಅಂದರೆ ಏನು, ಇವೆಂಟ್ ಅಂದರೆ ಏನು ಅಂತ ಅರ್ಥ ಮಾಡಿಕೊಂಡ. ಈಗಿನ ದೊಡ್ಡ ದೊಡ್ಡ ಲೈಬ್ರರಿಗಳಲ್ಲಿ ಆ ಭಾಗ್ಯ ಇಲ್ಲ.

ಕಡಿದ ಮೇಲೆ ಅದು ಮಾಡುವುದು ಇಷ್ಟು. ಮೊದಲು 1 ಸೆಕೆಂಡ್ ಕಾಯುತ್ತದೆ, ಜೋಡಿಸಲು ನೋಡುತ್ತದೆ. ಆಗದಿದ್ದರೆ ಕಾಯುವ ಹೊತ್ತನ್ನು ಒಂದೂವರೆ ಪಟ್ಟು ಮಾಡುತ್ತದೆ. ಅಂದರೆ 1, ಆಮೇಲೆ 1.5, ಆಮೇಲೆ 2.25, ಹೀಗೆ ಏರುತ್ತಾ 30 ಸೆಕೆಂಡಿಗೆ ಬಂದು ನಿಲ್ಲುತ್ತದೆ. ಆಮೇಲೆ ಪ್ರತಿ 30 ಸೆಕೆಂಡಿಗೊಮ್ಮೆ ಬಾಗಿಲು ತಟ್ಟುತ್ತಲೇ ಇರುತ್ತದೆ, ಸುಸ್ತಾಗುವುದಿಲ್ಲ. ಇಷ್ಟೇ ಸಲ ಸಾಕು ಅಂತ ಮಿತಿ ಹಾಕಬೇಕಿದ್ದರೆ ಅದಕ್ಕೂ ಸೆಟ್ಟಿಂಗ್ ಇದೆ. ಒಮ್ಮೆ ಸಂಪರ್ಕ ಸಿಕ್ಕಿದರೆ ಲೆಕ್ಕ ಸೊನ್ನೆಗೆ ಬರುತ್ತದೆ, ಮುಂದಿನ ಸಲ ಕಡಿದಾಗ ಪುನಃ 1 ಸೆಕೆಂಡಿನಿಂದ ಶುರು. ಈ ಲೆಕ್ಕಾಚಾರ ಚೆನ್ನಾಗಿದೆ. ಸರ್ವರ್ ಬಿದ್ದಿರುವಾಗ ಎಲ್ಲರೂ ಸೆಕೆಂಡಿಗೊಮ್ಮೆ ಮುಗಿಬಿದ್ದರೆ ಅದು ಏಳುವುದೇ ಇಲ್ಲ, ಅಲ್ವಾ?

ಆದರೆ 30 ಸೆಕೆಂಡ್ ಅನ್ನುವುದು ಅಂಗಡಿಯಲ್ಲಿ ಜಾಸ್ತಿಯಾಯಿತು. ಅರ್ಧ ಗಂಟೆ ನೆಟ್ ಇಲ್ಲದೆ ಆಮೇಲೆ ಬಂತು ಅಂದುಕೊಳ್ಳಿ. ನೆಟ್ ಬಂದದ್ದನ್ನು ಬ್ರೌಸರ್ ಆನ್‌ಲೈನ್ ಎಂಬ ಇವೆಂಟ್, ಅಂದರೆ ಹೀಗಾಯಿತು ಎಂಬ ಸೂಚನೆ, ಕೊಟ್ಟು ಹೇಳುತ್ತದೆ, ಆದರೆ ಈ ಲೈಬ್ರರಿ ಅದಕ್ಕೆ ಕಿವಿ ಕೊಡುವುದಿಲ್ಲ, ತನ್ನ ಟೈಮರ್ ಮುಗಿಯುವವರೆಗೆ ಕಾಯುತ್ತದೆ. ಎದುರಿಗೆ ಅಡಿಕೆ ಚೀಲ ಇಟ್ಟುಕೊಂಡು ನಿಂತವರಿಗೆ ಅರ್ಧ ನಿಮಿಷ ಉದ್ದವೇ. ಈ ಗರಿಷ್ಠ ಮಿತಿಯನ್ನು ನಾವು 10 ಸೆಕೆಂಡಿಗೆ ಇಳಿಸಿದೆವು. ನಮ್ಮದು ಬೆರಳೆಣಿಕೆಯ ಪರದೆಗಳು, ಸರ್ವರಿಗೆ ಭಾರ ಅಲ್ಲ.

ಈಗ ಆ ಎರಡು ಸೆಕೆಂಡಿನ ವಿಷಯ. ಈ ಬರಹದಲ್ಲಿ ಬೇರೆ ಏನೂ ನೆನಪಿಡದಿದ್ದರೂ ಇದೊಂದನ್ನು ನೆನಪಿಡಿ.

ಟೈಮ್‌ಔಟ್‌ಇಂಟರ್ವಲ್ ಅಂತ ಒಂದು ಸೆಟ್ಟಿಂಗ್ ಉಂಟು, ಅದರ ಮೂಲ ಬೆಲೆ 2000 ಮಿಲಿಸೆಕೆಂಡ್. ಸಂಪರ್ಕ ಕಟ್ಟಲು ಶುರು ಮಾಡಿ ಎರಡು ಸೆಕೆಂಡಿನ ಒಳಗೆ ಆಗದಿದ್ದರೆ ಲೈಬ್ರರಿ ಆ ಪ್ರಯತ್ನವನ್ನು ತಾನೇ ಕತ್ತರಿಸಿ, ಕಾದು, ಮೊದಲಿನಿಂದ ಶುರು ಮಾಡುತ್ತದೆ. ಬೆಂಗಳೂರಿನ ಆಫೀಸಿನ ವೈಫೈಯಲ್ಲಿ ಇದು ಯಾರಿಗೂ ಗೊತ್ತೇ ಆಗುವುದಿಲ್ಲ. ಅಲ್ಲಿ ಸಂಪರ್ಕ ಕಣ್ಣು ಮಿಟುಕಿಸುವುದರೊಳಗೆ ಆಗುತ್ತದೆ. ಆದರೆ ಮುಳ್ಳೇರಿಯದ ಆಚೆ ಗುಡ್ಡದ ಹಿಂದೆ, ಮಳೆಯಲ್ಲಿ, ಒಂದು ಕಡ್ಡಿ ಸಿಗ್ನಲಿನಲ್ಲಿ ಲೆಕ್ಕ ಹಾಕಿ ನೋಡಿ. ಮೊದಲು ಸರ್ವರಿನ ವಿಳಾಸ ಕೇಳಲು ಒಂದು ಸಲ ಹೋಗಿ ಬರಬೇಕು. ಟಿಸಿಪಿಗೆ, ಅಂದರೆ ಮೂಲ ಸಂಪರ್ಕ ಕಟ್ಟಲು, ಒಂದು ಸಲ. ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್ ಹೊಸ ಆವೃತ್ತಿಯಾದರೆ ಒಂದು ಸಲ, ಹಳೆಯ 1.2 ಆದರೆ ಎರಡು ಸಲ. ಕೊನೆಗೆ ಎಚ್‌ಟಿಟಿಪಿಯಿಂದ ವೆಬ್‌ಸಾಕೆಟ್ಟಿಗೆ ಬದಲಾಗಲು ಇನ್ನೊಂದು ಸಲ. ಕಡಿಮೆ ಅಂದರೂ ನಾಲ್ಕು ಸಲ ಹೋಗಿ ಬರುವ ಕೆಲಸ. ಒಮ್ಮೆ ಹೋಗಿ ಬರಲು 600 ಮಿಲಿಸೆಕೆಂಡ್ ಹಿಡಿದರೆ, ಆ ಸಿಗ್ನಲಿನಲ್ಲಿ ಅದೇನು ಆಶ್ಚರ್ಯ ಅಲ್ಲ, ಒಟ್ಟು 2.4 ಸೆಕೆಂಡ್ ಆಯಿತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಎರಡನೇ ಸೆಕೆಂಡಿಗೇ ಕತ್ತರಿ ಬೀಳುತ್ತದೆ. ಮುಂದಿನ ಸಲವೂ ಹಾಗೇ. ಅದರ ಮುಂದಿನ ಸಲವೂ ಹಾಗೇ. ಪ್ರತಿ ಸಲ ಕಾಯುವ ಹೊತ್ತು ಬೇರೆ ಏರುತ್ತಾ ಹೋಗುತ್ತದೆ. ಫೋನಿನಲ್ಲಿ ವಾಟ್ಸ್ಆ್ಯಪ್ ಮೆಸೇಜು ನಿಧಾನವಾದರೂ ಹೋಗುತ್ತಿರುತ್ತದೆ, ನಮ್ಮ ಬೋರ್ಡ್ ಮಾತ್ರ ಗಂಟೆಗಟ್ಟಲೆ ಸಂಪರ್ಕ ಇಲ್ಲದೆ ಕೆಂಪು. "ನೆಟ್ ಉಂಟಲ್ಲ ಅಣ್ಣ, ನಿಮ್ಮದು ಮಾತ್ರ ಯಾಕೆ ಬರುವುದಿಲ್ಲ?" ಅಂತ ಕೇಳಿದರೆ ಅವರ ಪ್ರಶ್ನೆ ನೂರಕ್ಕೆ ನೂರು ಸರಿ.

ಡಿಬಗ್ ಎಂಬ ಸೆಟ್ಟಿಂಗನ್ನು ಟ್ರೂ ಮಾಡಿ ಬ್ರೌಸರಿನ ಕನ್ಸೋಲ್, ಅಂದರೆ ದೋಷ ಹುಡುಕುವ ಕಿಟಕಿ, ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಅಟೆಂಪ್ಟ್ ಕನೆಕ್ಟ್, ಕನೆಕ್ಷನ್ ಟೈಮ್‌ಔಟ್, ಪುನಃ ಅಟೆಂಪ್ಟ್ ಕನೆಕ್ಟ್, ಪುನಃ ಕನೆಕ್ಷನ್ ಟೈಮ್‌ಔಟ್ ಅಂತ ಸಾಲು ಸಾಲಾಗಿ ಬರುತ್ತಾ ಇರುತ್ತದೆ. ಟೈಮ್‌ಔಟನ್ನು 8000 ಮಾಡಿದ ಮೇಲೆ ಅದೇ ಜಾಗದಲ್ಲಿ, ಅದೇ ಫೋನಿನಲ್ಲಿ, ಮೊದಲ ಪ್ರಯತ್ನಕ್ಕೇ ಸಂಪರ್ಕ ಆಯಿತು. ಒಂದು ಅಂಕಿ ಬದಲಿಸಿದ್ದು ಅಷ್ಟೇ. ಲೈಬ್ರರಿ ಬರೆದವರು ಈ ಅಂಕಿಯನ್ನು ಬದಲಿಸಲು ಬಿಟ್ಟಿದ್ದಾರೆ, ಅದಕ್ಕೆ ಅವರಿಗೆ ಮೆಚ್ಚುಗೆ. ಆದರೆ ಮೂಲ ಬೆಲೆ ಒಳ್ಳೆ ನೆಟ್ ಇರುವ ಊರಿನವರದ್ದು. ನೆಟ್ ಚೆನ್ನಾಗಿಲ್ಲದ ಕಡೆಗೇ ಅಲ್ವಾ ಇಂಥ ಲೈಬ್ರರಿ ಬೇಕಾಗುವುದು?

ಇನ್ನೊಂದು ಒಳ್ಳೆಯ ಅಂಶ, ಆನ್‌ಕನೆಕ್ಟಿಂಗ್ ಎಂಬ ಹೆಚ್ಚಿನ ಇವೆಂಟ್. ಬ್ರೌಸರಿನ ಮೂಲ ವೆಬ್‌ಸಾಕೆಟ್ಟಿನಲ್ಲಿ ಇದು ಇಲ್ಲ. ಕಡಿದು ಜೋಡಿಸಲು ಹೊರಟಾಗ ಇದು ಬರುತ್ತದೆ. ನಾವು ಇದನ್ನು ಹಿಡಿದು ಬೋರ್ಡಿನ ಮೇಲೆ ಒಂದು ಕೆಂಪು ಪಟ್ಟಿ ಹಾಕಿದೆವು: "ಸಂಪರ್ಕ ಇಲ್ಲ, ಇದು 11.20ರ ದರ". ಗಂಟೆ ನಮೂದಿಸುವುದು ಮುಖ್ಯ. ಬರೀ ಸಂಪರ್ಕ ಇಲ್ಲ ಅಂದರೆ ಜನ ಅಂಕಿಯನ್ನು ಮಾತ್ರ ನೋಡಿ ಪಟ್ಟಿಯನ್ನು ಬಿಟ್ಟುಬಿಡುತ್ತಾರೆ. ಗಂಟೆ ಕಂಡರೆ "ಓ, ಇದು ಬೆಳಗ್ಗಿನದ್ದು, ಬದಿಯಡ್ಕಕ್ಕೆ ಒಂದು ಫೋನ್ ಮಾಡುವ" ಅಂತ ತಾವಾಗಿಯೇ ಫೋನ್ ಎತ್ತುತ್ತಾರೆ. ಒಂದು ವಿಷಯ ಗಮನಿಸಿ, ಆನ್‌ಕ್ಲೋಸ್ ಮೊದಲ ಸಲ ಕಡಿದಾಗ ಮಾತ್ರ ಬರುತ್ತದೆ, ಆಮೇಲೆ ಸೋತ ಪ್ರತಿ ಪ್ರಯತ್ನಕ್ಕೂ ಬರುವುದಿಲ್ಲ. ಹಾಗಾಗಿ ಎಷ್ಟು ಸಲ ಪ್ರಯತ್ನ ಆಯಿತು ಅಂತ ಎಣಿಸಬೇಕಿದ್ದರೆ ಆನ್‌ಕನೆಕ್ಟಿಂಗ್‌ನಲ್ಲಿ ಎಣಿಸಿ.

ಈಗ ಲೈಬ್ರರಿ ಮಾಡದ ಕೆಲಸಗಳು. ಇವನ್ನು ದೋಷ ಅಂತ ನಾನು ಹೇಳುವುದಿಲ್ಲ, ಇಷ್ಟು ಸಣ್ಣದರಿಂದ ಅದನ್ನೆಲ್ಲ ಬಯಸುವುದು ಸರಿಯೂ ಅಲ್ಲ. ಆದರೆ ಗೊತ್ತಿರಬೇಕು.

ಮೊದಲನೆಯದು, ಕಡಿದಿದ್ದ ಹೊತ್ತಿನಲ್ಲಿ ಬಂದ ಮೆಸೇಜುಗಳು ಹೋದವು ಅಂತಲೇ ಲೆಕ್ಕ. 11.20ಕ್ಕೆ ನೆಟ್ ಹೋಯಿತು, 11.35ಕ್ಕೆ ಹಳೆ ಅಡಿಕೆಯ ರೇಟ್ ಬದಲಾಯಿತು, 11.40ಕ್ಕೆ ನೆಟ್ ಬಂತು. ಲೈಬ್ರರಿ ಚಂದವಾಗಿ ಜೋಡಿಸಿತು, ಕೆಂಪು ಪಟ್ಟಿ ಹೋಯಿತು, ಹಸಿರು ಬಂತು. ಆದರೆ 11.35ರ ಮೆಸೇಜು ಬರಲೇ ಇಲ್ಲ. ಈಗ ಪರದೆಯ ಮೇಲೆ ಹಸಿರು ಗುರುತಿನ ಪಕ್ಕ ತಪ್ಪು ರೇಟ್ ಇದೆ. ಕೆಂಪು ಇದ್ದಾಗಲಾದರೂ ಜನ ಅನುಮಾನಿಸುತ್ತಿದ್ದರು. ಈಗ ಅದೂ ಇಲ್ಲ. ಆದ್ದರಿಂದ ಆನ್‌ಓಪನ್ ಆದಾಗಲೆಲ್ಲ ಸರ್ವರಿನಿಂದ ಎಲ್ಲ ದರಗಳನ್ನೂ ಒಟ್ಟಿಗೆ ಕೇಳಿ ತರಿಸಿಕೊಳ್ಳಬೇಕು, ಅದು ಬಂದ ಮೇಲೆಯೇ ಹಸಿರು ತೋರಿಸಬೇಕು. ಓಪನ್ ಇವೆಂಟಿನಲ್ಲಿ ಈಸ್‌ರಿಕನೆಕ್ಟ್ ಎಂಬ ಗುರುತು ಸಿಗುತ್ತದೆ, ಇದು ಮೊದಲ ಸಲವೋ ಮತ್ತೆ ಜೋಡಿಸಿದ್ದೋ ಅಂತ ಅದರಿಂದ ತಿಳಿಯುತ್ತದೆ. ನಮ್ಮಲ್ಲಿ ಮಾಹಿತಿ ಸಣ್ಣದು, ಆರೇಳು ಸಾಲು, ಹಾಗಾಗಿ ಪ್ರತಿ ಸಲ ಪೂರ್ತಿ ತರಿಸುತ್ತೇವೆ. ಚಾಟ್‌ನಂತಹದ್ದಾದರೆ ಪ್ರತಿ ಮೆಸೇಜಿಗೂ ಕ್ರಮಸಂಖ್ಯೆ ಕೊಟ್ಟು "ಇಷ್ಟನೆಯದರವರೆಗೆ ಬಂದಿದೆ, ಮುಂದಿನದು ಕೊಡು" ಅಂತ ಕೇಳುವುದು ಒಳ್ಳೆಯದು.

ಎರಡನೆಯದು ಇನ್ನೂ ಸೂಕ್ಷ್ಮ. ಲೈಬ್ರರಿ ಎಚ್ಚರಾಗುವುದು ಬ್ರೌಸರ್ ಕಡಿಯಿತು ಅಂತ ಹೇಳಿದಾಗ ಮಾತ್ರ. ಬ್ರೌಸರಿಗೇ ಗೊತ್ತಾಗದಿದ್ದರೆ? ಪೆರ್ಲದಿಂದ ವಿಟ್ಲದ ಕಡೆ ಹೋಗುವ ದಾರಿ ಗೊತ್ತಲ್ಲ, ಅಡ್ಕಸ್ಥಳ ದಾಟಿದರೆ ಸಾರಡ್ಕ, ಅಲ್ಲಿಂದ ಕರ್ನಾಟಕ. ಫೋನ್ ಕೇರಳದ ಟವರ್ ಬಿಟ್ಟು ಕರ್ನಾಟಕದ್ದನ್ನು ಹಿಡಿಯುತ್ತದೆ, ನಡುವೆ ಸ್ವಲ್ಪ ಹೊತ್ತು ಎರಡೂ ಇಲ್ಲ. ಇಲ್ಲಿ ಹಲವು ಸಲ ಹಳೆಯ ಸಂಪರ್ಕ ಹೋಗಿರುತ್ತದೆ, ಆದರೆ ಮುಚ್ಚಿದೆ ಅಂತ ಹೇಳುವ ಪ್ಯಾಕೆಟ್ ಎರಡೂ ಕಡೆಗೆ ಮುಟ್ಟಿರುವುದಿಲ್ಲ. ಆಚೆಯವರ ಲೈನ್ ಕಟ್ಟಾದದ್ದು ತಿಳಿಯದೆ ಫೋನ್ ಕಿವಿಗೆ ಇಟ್ಟುಕೊಂಡು ಮಾತಾಡುತ್ತಲೇ ಇರುತ್ತೇವಲ್ಲ, ಅದೇ ಕಥೆ. ಪುಟದಲ್ಲಿ ಎಲ್ಲಾ ಸರಿ ಇದೆ ಅಂತ ಕಾಣುತ್ತದೆ, ಸಂಪರ್ಕದ ಸ್ಥಿತಿ ತಿಳಿಸುವ ರೆಡಿಸ್ಟೇಟ್ ಓಪನ್ ಅಂತಲೇ ಹೇಳುತ್ತದೆ, ಮೆಸೇಜು ಮಾತ್ರ ಇಲ್ಲ. ಟಿಸಿಪಿ ತಾನಾಗಿ ಕಂಡುಹಿಡಿಯುವಾಗ ಬಹಳ ಹೊತ್ತಾಗಿರಬಹುದು, ಅದರಲ್ಲೂ ಬರೀ ಕೇಳುತ್ತಾ ಇರುವ ಪುಟವಾದರೆ ಇನ್ನೂ ಕಷ್ಟ, ಯಾಕೆಂದರೆ ಅದು ತಾನಾಗಿ ಏನನ್ನೂ ಕಳಿಸುವುದೇ ಇಲ್ಲ.

ಇದಕ್ಕೆ ಮದ್ದು ಹಾರ್ಟ್‌ಬೀಟ್, ಅಂದರೆ ಬದುಕಿದ್ದೇನೆ ಅಂತ ಆಗಾಗ ಕಳಿಸುವ ಸಣ್ಣ ಮೆಸೇಜು. ವೆಬ್‌ಸಾಕೆಟ್ಟಿನಲ್ಲಿ ಇದ್ದೀಯಾ ಅಂತ ಕೇಳುವ ಪಿಂಗ್, ಇದ್ದೇನೆ ಅನ್ನುವ ಪಾಂಗ್ ಅಂತ ಇದೆ, ಆದರೆ ಬ್ರೌಸರಿನ ಜಾವಾಸ್ಕ್ರಿಪ್ಟಿನಿಂದ ಅದನ್ನು ಕಳಿಸಲು ದಾರಿಯಿಲ್ಲ. ಸರ್ವರ್ ಪಿಂಗ್ ಕಳಿಸಿದರೆ ಬ್ರೌಸರ್ ಒಳಗಿಂದಲೇ ಪಾಂಗ್ ಕೊಡುತ್ತದೆ, ನಮ್ಮ ಕೋಡಿಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಸರ್ವರ್ ಪ್ರತಿ 20 ಸೆಕೆಂಡಿಗೆ ಒಂದು ಸಣ್ಣ ಸಾಮಾನ್ಯ ಮೆಸೇಜು ಕಳಿಸುವ ಹಾಗೆ ಮಾಡಿದೆವು. ಪುಟದಲ್ಲಿ 45 ಸೆಕೆಂಡ್ ಏನೂ ಬರದಿದ್ದರೆ ಲೈಬ್ರರಿಯ ರಿಫ್ರೆಶ್ ಕರೆಯುತ್ತೇವೆ. ಹೃದಯಬಡಿತ ತಪ್ಪಿದ ಅನುಮಾನ ಬಂದರೆ ಮುಚ್ಚಿ ತೆರೆಯಲಿ ಅಂತಲೇ ಆ ರಿಫ್ರೆಶ್ ಇಟ್ಟಿರುವುದು, ಮೂಲ ಫೈಲಿನ ಕಮೆಂಟಿನಲ್ಲಿ ಹಾಗೇ ಬರೆದಿದೆ. ಅಂದರೆ ಬರೆದವರಿಗೆ ಈ ತೊಂದರೆ ಗೊತ್ತಿತ್ತು, ಎಚ್ಚರದ ಗಂಟೆ ಕಟ್ಟುವ ಕೆಲಸವನ್ನು ನಮಗೆ ಬಿಟ್ಟರು. ಒಂದು ಎಚ್ಚರಿಕೆ: ಲೈನ್ ಸತ್ತಿರುವಾಗ ರಿಫ್ರೆಶ್ ಕರೆದರೂ ಬ್ರೌಸರ್ ಆಚೆ ಕಡೆಯ ವಿದಾಯಕ್ಕಾಗಿ ಸ್ವಲ್ಪ ಹೊತ್ತು ಕಾದು ಆಮೇಲೆ ಮುಚ್ಚುತ್ತದೆ. ಹಾಗಾಗಿ ಕರೆದ ಕ್ಷಣವೇ ಹೊಸ ಸಂಪರ್ಕ ಸಿಗುವುದಿಲ್ಲ. ಕೆಂಪು ಪಟ್ಟಿಯನ್ನು ರಿಫ್ರೆಶ್ ಕರೆಯುವಾಗಲೇ ಹಾಕಿಬಿಡಿ, ಇವೆಂಟ್ ಬರಲಿ ಅಂತ ಕೂರಬೇಡಿ.

ಮೂರನೆಯದು ಕಳಿಸುವ ವಿಷಯ. ಸಂಪರ್ಕ ಇಲ್ಲದಾಗ ಸೆಂಡ್ ಕರೆದರೆ ಈ ಲೈಬ್ರರಿ ಎಕ್ಸೆಪ್ಷನ್, ಅಂದರೆ ಕೆಲಸ ಕೆಟ್ಟಿತು ಎಂಬ ಸೂಚನೆ, ಎಸೆಯುತ್ತದೆ. ಮೆಸೇಜನ್ನು ಕೂಡಿಟ್ಟು ಆಮೇಲೆ ಕಳಿಸುವ ವ್ಯವಸ್ಥೆ ಇಲ್ಲ. ಕೆಲವರು ಇದನ್ನು ದೊಡ್ಡ ಕೊರತೆ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಹನ್ನೊಂದು ಗಂಟೆಗೆ ಗುಮಾಸ್ತರು ಒತ್ತಿದ ರೇಟ್ ಎಲ್ಲೋ ಕೂತಿದ್ದು ಒಂದು ಗಂಟೆಗೆ ಹೋಗಿ ಎಲ್ಲ ಪರದೆಯಲ್ಲೂ ಕಾಣಿಸಿದರೆ ಏನು ಗತಿ? ಅಷ್ಟರಲ್ಲಿ ಧಣಿಗಳು ಬೇರೆ ಫೋನಿನಿಂದ ಹೊಸ ರೇಟ್ ಹಾಕಿರುತ್ತಾರೆ. ಹೋಗಲಿಲ್ಲ ಅಂತ ತಕ್ಷಣ ಹೇಳುವುದೇ ನಮ್ಮ ಕೆಲಸಕ್ಕೆ ಸರಿ. ಅಂದಹಾಗೆ, ಬ್ರೌಸರಿನ ಮೂಲ ವೆಬ್‌ಸಾಕೆಟ್ ಮುಚ್ಚಿದ ಮೇಲೆ ಸೆಂಡ್ ಕರೆದರೆ ಏನೂ ಹೇಳದೆ ಮೆಸೇಜನ್ನು ನುಂಗಿಬಿಡುತ್ತದೆ. ಅದಕ್ಕಿಂತ ಇದು ಎಷ್ಟೋ ಮೇಲು. ಎಕ್ಸೆಪ್ಷನ್ ಹಿಡಿದು "ರೇಟ್ ಹೋಗಲಿಲ್ಲ, ಪುನಃ ಒತ್ತಿ" ಅಂತ ತೋರಿಸಿ, ಸಾಕು. ಹಾಗಂತ ಎಲ್ಲರಿಗೂ ಇದೇ ಸರಿ ಅಲ್ಲ. ಚಾಟ್ ಮಾಡುವವರಿಗೆ ಕೂಡಿಟ್ಟು ಕಳಿಸುವುದು ಬೇಕು.

ಸರ್ವರಿನವರು ಗಮನಿಸಬೇಕಾದ ಒಂದು ಅಪಾಯ ಉಂಟು. ಸರ್ವರಿನ ಮುಂದೆ ನಿಂತು ಸಂಪರ್ಕ ದಾಟಿಸುವ ಎಂಜಿನ್‌ಎಕ್ಸ್ ಎಂಬ ತಂತ್ರಾಂಶದ ಹಿಂದೆ ಸರ್ವರ್ ಇಟ್ಟರೆ ಅದರ ಪ್ರಾಕ್ಸಿ ರೀಡ್ ಟೈಮ್‌ಔಟ್ ಮೂಲತಃ 60 ಸೆಕೆಂಡ್. ಸರ್ವರಿನಿಂದ ಅಷ್ಟು ಹೊತ್ತು ಏನೂ ಬರದಿದ್ದರೆ ಎಂಜಿನ್‌ಎಕ್ಸ್ ತಾನೇ ಸಂಪರ್ಕ ಕಡಿಯುತ್ತದೆ. ಈ ಲೈಬ್ರರಿ ಇದ್ದರೆ ಒಂದು ಸೆಕೆಂಡಿನಲ್ಲಿ ಪುನಃ ಜೋಡಿಸಿಬಿಡುತ್ತದೆ, ಬಳಸುವವರಿಗೆ ಗೊತ್ತೇ ಆಗುವುದಿಲ್ಲ. ಕೇಳಲು ಚಂದ, ಆದರೆ ನಿಮಿಷಕ್ಕೊಮ್ಮೆ ಎಲ್ಲರೂ ಕಡಿದು ಜೋಡಿಸುತ್ತಾ ಇರುತ್ತಾರೆ, ಮೊಬೈಲಿನ ಬ್ಯಾಟರಿ ಸುಮ್ನೆ ಖಾಲಿ. ಲೈಬ್ರರಿ ಹಾಕುವ ಮೊದಲು ಬರೀ ವೆಬ್‌ಸಾಕೆಟ್ಟಿನಲ್ಲಿ ಸಂಪರ್ಕ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ನೋಡಿಕೊಳ್ಳಿ. ಸರಿಯಾಗಿ ಒಂದೊಂದು ನಿಮಿಷಕ್ಕೆ ಕಡಿಯುತ್ತಿದ್ದರೆ ಅದು ಮಳೆಯ ದೋಷ ಅಲ್ಲ, ಸೆಟ್ಟಿಂಗಿನ ದೋಷ. 20 ಸೆಕೆಂಡಿನ ಹಾರ್ಟ್‌ಬೀಟ್ ಇದ್ದರೆ ಇದೂ ತಾನಾಗಿ ಸರಿಹೋಗುತ್ತದೆ.

ಸಾವಿರಾರು ಜನ ಒಟ್ಟಿಗೆ ಬಳಸುವ ಆ್ಯಪ್ ಮಾಡುವವರಿಗೆ ಇನ್ನೊಂದು ಮಾತು. ಕಾಯುವ ಹೊತ್ತಿನಲ್ಲಿ ಇದು ಯಾದೃಚ್ಛಿಕತೆ ಸೇರಿಸುವುದಿಲ್ಲ, ಅಂದರೆ ಜಿಟರ್ ಇಲ್ಲ. ಸರ್ವರ್ ರೀಸ್ಟಾರ್ಟ್ ಆದರೆ ಎಲ್ಲರೂ 1 ಸೆಕೆಂಡಿಗೆ ಒಟ್ಟಿಗೆ ಬರುತ್ತಾರೆ, ಆಮೇಲೆ ಪುನಃ ಒಟ್ಟಿಗೆ ಬರುತ್ತಾರೆ. ಪುಟ ತೆರೆಯುವಾಗ, ಮೊದಲ ಸಲ ಕಾಯುವ ಹೊತ್ತಿನ ಸೆಟ್ಟಿಂಗಾದ ರಿಕನೆಕ್ಟ್‌ಇಂಟರ್ವಲ್‌ಗೆ 1000ದಿಂದ 4000 ಮಿಲಿಸೆಕೆಂಡಿನ ನಡುವೆ ಯಾವುದಾದರೂ ಒಂದು ಅಂಕಿ ಕೊಟ್ಟುಬಿಟ್ಟರೆ ಗುಂಪು ಚದುರುತ್ತದೆ. ಒಂದೇ ಸಾಲಿನ ಕೆಲಸ.

ಈಗ ಹೆಸರಿನ ಗೊಂದಲ. ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಭಂಡಾರವಾದ ಎನ್‌ಪಿಎಂನಲ್ಲಿ ಹುಡುಕಿದರೆ ಎರಡು ಸಿಗುತ್ತವೆ. ರಿಕನೆಕ್ಟಿಂಗ್ ಮತ್ತು ವೆಬ್‌ಸಾಕೆಟ್ ನಡುವೆ ಹೈಫನ್ ಇಲ್ಲದೆ ಒಂದೇ ಪದವಾಗಿ ಬರೆದದ್ದು ನಾನು ಹೇಳುತ್ತಿರುವ ಜೋ ವಾಲ್ನೆಸ್ ಅವರದ್ದು. ಹೈಫನ್ ಇರುವುದು ಬೇರೆಯವರದ್ದು, ಟೈಪ್‌ಸ್ಕ್ರಿಪ್ಟಿನಲ್ಲಿ ಬರೆದದ್ದು. ಸೆಟ್ಟಿಂಗುಗಳ ಹೆಸರೂ ಬೇರೆ, ಮೂಲ ಬೆಲೆಗಳೂ ಬೇರೆ. ಅದರಲ್ಲಿ ಸಂಪರ್ಕದ ಟೈಮ್‌ಔಟ್ 4 ಸೆಕೆಂಡ್, ಗರಿಷ್ಠ ಕಾಯುವ ಹೊತ್ತು 10 ಸೆಕೆಂಡ್, ಜಿಟರ್ ಕೂಡ ಉಂಟು, ಅಂದರೆ ನಾವು ಕೈಯಾರೆ ಬದಲಿಸಿದ ಹಲವನ್ನು ಅದು ಮೊದಲೇ ಮಾಡಿಟ್ಟಿದೆ. ಸಂಪರ್ಕ ಇಲ್ಲದಾಗಿನ ಮೆಸೇಜುಗಳನ್ನು ಕೂಡಿಟ್ಟು ಕಳಿಸುತ್ತದೆ, ಬೇಡವಾದರೆ ಆ ಮಿತಿಯನ್ನು ಸೊನ್ನೆ ಮಾಡಬಹುದು. ವಿಳಾಸದ ಬದಲು ಒಂದು ಫಂಕ್ಷನ್ ಕೊಡಬಹುದು, ಪ್ರತಿ ಸಲ ಜೋಡಿಸುವಾಗ ಹೊಸ ಟೋಕನ್, ಅಂದರೆ ಗುರುತಿನ ಚೀಟಿ, ತಂದು ವಿಳಾಸಕ್ಕೆ ಸೇರಿಸಲು ಇದು ಬಹಳ ಉಪಯೋಗ. ಇನ್ನೊಂದು ಮುಖ್ಯ ವ್ಯತ್ಯಾಸ: ಜೋ ವಾಲ್ನೆಸ್ ಅವರದ್ದು ಇವೆಂಟುಗಳಿಗಾಗಿ ಒಳಗೆ ಡಿವ್ ಎಂಬ ಒಂದು ಪುಟದ ತುಣುಕನ್ನು ಸೃಷ್ಟಿಸುತ್ತದೆ, ಹಾಗಾಗಿ ವೆಬ್ ವರ್ಕರ್, ನೋಡ್ ಮುಂತಾದ ಪುಟವೇ ಇಲ್ಲದ ಕಡೆ ಓಡುವುದಿಲ್ಲ. ಹೈಫನ್ನಿನದ್ದು ಓಡುತ್ತದೆ. ಹೊಸದಾಗಿ ಶುರು ಮಾಡುವವರು, ಬಿಲ್ಡ್ ಟೂಲ್ ಎಲ್ಲಾ ಇಟ್ಟುಕೊಂಡವರು ಅದನ್ನೇ ತಗೊಳ್ಳಿ. ಹಳೆಯ ಪುಟಕ್ಕೆ ಒಂದು ಸ್ಕ್ರಿಪ್ಟ್ ಟ್ಯಾಗ್ ಹಾಕಿ ಸಂಜೆಯೊಳಗೆ ಕೆಲಸ ಮುಗಿಸಬೇಕು ಅನ್ನುವವರಿಗೆ ಹೈಫನ್ ಇಲ್ಲದ್ದೇ ಸುಲಭ. ನಮ್ಮ ಬೋರ್ಡಿನದ್ದು ಸಾದಾ ಎಚ್‌ಟಿಎಂಎಲ್ ಪುಟ, ಹಾಗಾಗಿ ಅದನ್ನೇ ಉಳಿಸಿಕೊಂಡಿದ್ದೇವೆ. ಎರಡರಲ್ಲೂ ಹಾರ್ಟ್‌ಬೀಟ್ ಇಲ್ಲ, ಅದನ್ನು ನೀವೇ ಬರೆಯಬೇಕು.

ಇದೇ ಕೆಲಸದ ಇನ್ನೊಂದು ಲೈಬ್ರರಿ ಸಾಕೆಟ್ ಡಾಟ್ ಐಓ ಯಾಕೆ ಬೇಡ ಅಂತ ಕೇಳಬಹುದು. ಅದು ಒಳ್ಳೆಯದೇ. ಹಾರ್ಟ್‌ಬೀಟ್, ಜಿಟರ್, ಕೂಡಿಡುವುದು ಎಲ್ಲಾ ಉಂಟು. ಆದರೆ ಅದರ ಮಾತಿನ ಕ್ರಮವೇ ಬೇರೆ, ಸರ್ವರಿನಲ್ಲೂ ಅದೇ ಇರಬೇಕು, ಸಾದಾ ವೆಬ್‌ಸಾಕೆಟ್ ಸರ್ವರಿಗೆ ಅದು ಜೋಡಿಸಿಕೊಳ್ಳುವುದಿಲ್ಲ. ಇನ್ನು ಬರೀ ನೋಡುವುದಕ್ಕೆ, ಸರ್ವರಿನಿಂದ ಪುಟಕ್ಕೆ ಮಾತ್ರ ಮಾಹಿತಿ ಬರಬೇಕು ಅನ್ನುವವರು ಇವೆಂಟ್‌ಸೋರ್ಸ್ ನೋಡಿ. ಬ್ರೌಸರಿನಲ್ಲೇ ಇದೆ, ಕಡಿದರೆ ತಾನಾಗಿ ಜೋಡಿಸುತ್ತದೆ, ಕೊನೆಗೆ ಸಿಕ್ಕಿದ ಮೆಸೇಜಿನ ಗುರುತನ್ನೂ ಸರ್ವರಿಗೆ ತಿಳಿಸುತ್ತದೆ. ಪರದೆ ಮಾತ್ರ ಇದ್ದಿದ್ದರೆ ನಾವೂ ಅದನ್ನೇ ಇಡುತ್ತಿದ್ದೆವು. ಆದರೆ ಹಳ್ಳಿಗೆ ಹೋದವರು "ಇಷ್ಟು ಚೀಲ ತಗೊಂಡೆ" ಅಂತ ವಾಪಸ್ ಹಾಕುವುದೂ ಅದೇ ಪುಟದಲ್ಲಿ.

ಮೊಬೈಲಿನವರಿಗಾಗಿ ಒಂದು ಕಡೆಯ ವಿಷಯ. ಫೋನ್ ಜೇಬಿಗೆ ಹಾಕಿದರೆ, ಟ್ಯಾಬ್ ಹಿಂದೆ ಹೋದರೆ, ಬ್ರೌಸರ್ ಟೈಮರುಗಳನ್ನು ನಿಧಾನ ಮಾಡುತ್ತದೆ. ಕ್ರೋಮ್ 2021ರಲ್ಲಿ ಬಂದ 88ನೇ ಆವೃತ್ತಿಯಿಂದ, ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮರೆಯಲ್ಲಿರುವ ಪುಟದ ಹೀಗೆ ಮತ್ತೆ ಮತ್ತೆ ಓಡುವ ಟೈಮರುಗಳನ್ನು ನಿಮಿಷಕ್ಕೊಮ್ಮೆ ಮಾತ್ರ ಓಡಿಸಲು ಶುರು ಮಾಡಿತು. ಆಗ 1 ಸೆಕೆಂಡ್, 1.5 ಸೆಕೆಂಡ್ ಎಂಬ ಲೆಕ್ಕಕ್ಕೆಲ್ಲ ಬೆಲೆ ಇಲ್ಲ. ಇದಕ್ಕೆ ವಿಸಿಬಿಲಿಟಿಚೇಂಜ್ ಇವೆಂಟ್ ಹಿಡಿದು, ಪುಟ ಕಣ್ಣಿಗೆ ಬಂದ ಕೂಡಲೇ ಕೊನೆಯ ಹಾರ್ಟ್‌ಬೀಟ್ ಯಾವಾಗ ಬಂತು ಅಂತ ನೋಡಿ. ಹಳೆಯದಾಗಿದ್ದರೆ ಮೊದಲು ಕೆಂಪು ಪಟ್ಟಿ, ಆಮೇಲೆ ರಿಫ್ರೆಶ್. ಜೇಬಿನಿಂದ ಫೋನ್ ತೆಗೆದವರು ಮೊದಲ ನೋಟಕ್ಕೇ ತಪ್ಪು ರೇಟ್ ನೋಡಬಾರದು.

ಈ ಲೈಬ್ರರಿಗೆ ಹೊಸ ಆವೃತ್ತಿ ಬರದೆ ವರ್ಷಗಳೇ ಆಗಿವೆ. ಅದು ನನಗೆ ಚಿಂತೆ ಅಲ್ಲ, ಬ್ರೌಸರಿನ ವೆಬ್‌ಸಾಕೆಟ್ ಕೂಡ ಹಾಗೆಯೇ ಇದೆ, ಕೋಡ್ ಸಣ್ಣದು, ಏನಾದರೂ ಆದರೆ ನಾವೇ ತಿದ್ದಬಹುದು. ಪೆರ್ಲದ ಪರದೆಯಲ್ಲಿ ಈಗ ಓಡುತ್ತಿರುವ ಸೆಟ್ಟಿಂಗ್: ಟೈಮ್‌ಔಟ್ 8000, ಗರಿಷ್ಠ ಕಾಯುವ ಹೊತ್ತು 10000, ಏರುವ ಪಟ್ಟು 1.5 ಹಾಗೇ ಬಿಟ್ಟಿದ್ದೇವೆ, ಪ್ರಯತ್ನಕ್ಕೆ ಮಿತಿ ಇಲ್ಲ. ನಿಮ್ಮ ಕಡೆ, ಅಂದರೆ ಬಾಯಾರಿನಲ್ಲೋ ಅಡೂರಿನಲ್ಲೋ ಇದಕ್ಕಿಂತ ನಿಧಾನದ ನೆಟ್ ಇದ್ದರೆ ಟೈಮ್‌ಔಟನ್ನು ಇನ್ನೂ ಏರಿಸಿ, ಡಿಬಗ್ ಹಾಕಿ ಒಂದು ಮಳೆ ದಿನ ನೋಡಿ, ಆಮೇಲೆ ಅಂಕಿ ನಿರ್ಧರಿಸಿ.